ಒರೆಸಿದರೆ ಹೋಗುವ ಧೂಳಲ್ಲ

ಕರ್ನಾಟಕದ ನಕಾಶೆಯಲ್ಲಿ ಮಂಗಳೂರು ಎಂಬ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತದೆ. ಘಟ್ಟದ ಜನರಿಗೆ ಪರಿಚಿತವಾದುದು ಕಡಲ ತೀರದ ಮಂಗಳೂರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಗರ. ಕೊಪ್ಪಳ ಜಿಲ್ಲೆಯಲ್ಲಿಯೂ ಒಂದು ಮಂಗಳೂರು ಇದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ, ಈಗ ಕುಕನೂರು ತಾಲ್ಲೂಕಿನಲ್ಲಿರುವ ಗ್ರಾಮ ಅದು. ಆ ಸೀಮೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಕಡಲ ಮಂಗಳೂರಿನಲ್ಲಿ ಹೊರಗೆ ನಿಲ್ಲಿಸಿದ ಕಾರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ತೊಳೆಯುತ್ತದೆ. ಬಯಲಿನ ಮಂಗಳೂರಿನಲ್ಲಿ ಆಷಾಢದ ಗಾಳಿ ಅದೇ ಕಾರಿನ ಮೇಲೆ ಮಣ್ಣು ಹೊದಿಸುತ್ತದೆ. ಬೆಳಿಗ್ಗೆ ಎದ್ದವರು ಕೈಗೆ ಸಿಕ್ಕ ಹಳೆಯ ಬಟ್ಟೆಯಿಂದ ಅದನ್ನು ಒಣಗಿದ್ದಂತೆಯೇ ಒರೆಸಿ ಹೊರಡುತ್ತಾರೆ.

ಈ ಒಣ ಒರೆತವನ್ನು ವಿರೋಧಿಸುವುದೇ ಈ ಲೇಖನದ ಉದ್ದೇಶ. ಅದರಿಂದ ಕಾರಿನ ಬಣ್ಣ ಕೆಡುತ್ತದೆ ಎಂಬುದು ಸಣ್ಣ ಕಾರಣ. ಧೂಳೆಂದರೆ ಒರೆಸಿ ಮರೆತುಬಿಡಬಹುದಾದ ವಸ್ತು ಎಂಬ ನಂಬಿಕೆಯನ್ನು ಅದು ಬೆಳೆಸುತ್ತದೆ ಎಂಬುದು ದೊಡ್ಡ ಕಾರಣ. ಆ ನಂಬಿಕೆಯಿಂದ ಲಾಭ ಪಡೆಯುವವರು ಕಾರಿನ ಮಾಲೀಕರಲ್ಲ, ಧೂಳನ್ನು ಎಬ್ಬಿಸುವವರು.

ಧೂಳೆಂದರೆ ಪುಡಿಯಾದ ಕಲ್ಲು

ಧೂಳು ಕಣ್ಣಿಗೆ ಮೆತ್ತಗೆ ಕಾಣುತ್ತದೆ, ಬೆರಳಿಗೂ ಹಿಟ್ಟಿನಂತೆ ತಾಗುತ್ತದೆ. ವಾಸ್ತವದಲ್ಲಿ ಅದು ಪುಡಿಯಾದ ಕಲ್ಲು. ಖನಿಜಗಳ ಗಡಸುತನವನ್ನು ಅಳೆಯಲು ಜರ್ಮನಿಯ ಖನಿಜವಿಜ್ಞಾನಿ ಫ್ರೆಡರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕವನ್ನು ವಿದ್ಯಾರ್ಥಿಗಳು ಶಾಲೆಯಲ್ಲಿ ಓದಿರುತ್ತಾರೆ. ಅದರಲ್ಲಿ ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಜ್‌ಗೆ 7ನೆಯ ಸ್ಥಾನ. ಕಬ್ಬಿಣದ ಅದಿರಾದ ಹೆಮಟೈಟ್ 5.5ರಿಂದ 6.5ರ ನಡುವೆ ಬರುತ್ತದೆ. ಸಾಮಾನ್ಯ ಚಾಕುವಿನ ಉಕ್ಕು ಸುಮಾರು 5.5. ಅಂದರೆ ಬಾನೆಟ್ಟಿನ ಮೇಲೆ ಕುಳಿತ ಮರಳಿನ ಕಣವು ಅಡುಗೆಮನೆಯ ಚಾಕುವಿಗಿಂತ ಗಡಸು.

ಆ ಕಣದ ಕೆಳಗಿರುವುದೇನು? ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತಲೂ ಕಡಿಮೆ. ಅದು ಒಂದು ಬಗೆಯ ಪ್ಲಾಸ್ಟಿಕ್ ಪೊರೆ. ಒಣ ಬಟ್ಟೆಯನ್ನು ಅದರ ಮೇಲೆ ಒತ್ತಿ ಎಳೆದಾಗ ಬಟ್ಟೆಗೂ ಪೊರೆಗೂ ನಡುವೆ ಸಿಲುಕಿದ ಕಲ್ಲಿನ ಕಣಗಳು ಬಡಗಿಯ ಉಪ್ಪುಕಾಗದದ ಕೆಲಸ ಮಾಡುತ್ತವೆ. ಮೊದಲ ದಿನ ಏನೂ ಕಾಣುವುದಿಲ್ಲ. ಆರು ತಿಂಗಳ ಬಳಿಕ ಬಿಸಿಲಿನಲ್ಲಿ ನಿಂತು ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತುಗೀರುಗಳು ಕಾಣುತ್ತವೆ. ಧೂಳು ಮಾಡದ ಗಾಯವನ್ನು ಒರೆಸಿದ ಕೈ ಮಾಡಿರುತ್ತದೆ.

ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ ಹೊಳಪು ತರಿಸುವ ರೂಢಿಯೂ ಉಂಟು. ಆ ಹೊಳಪು ಒಂದು ದಿನದ್ದು. ಎಣ್ಣೆಯ ಪಸೆ ಮರುದಿನದ ಧೂಳನ್ನು ಮತ್ತಷ್ಟು ಹಿಡಿದಿಡುತ್ತದೆ. ಧೂಳು ಬೀಳದಂತೆ ಹೊದಿಕೆ ಹಾಕುವುದೂ ಗಾಳಿಯ ಸೀಮೆಯಲ್ಲಿ ಅಪಾಯಕಾರಿ. ಹೊದಿಕೆಯ ಕೆಳಗೆ ಧೂಳು ಮೊದಲೇ ಇದ್ದರೆ, ಗಾಳಿಗೆ ಹೊದಿಕೆ ಅಲುಗಿದಷ್ಟೂ ಕಾರು ರಾತ್ರಿಯಿಡೀ ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ.

ಎರಡು ಬಕೆಟ್ಟಿನ ಕ್ರಮ

ಸರಿಯಾದ ಕ್ರಮ ಕಷ್ಟದ್ದಲ್ಲ, ದುಬಾರಿಯೂ ಅಲ್ಲ. ಅದರ ಮೂಲ ತತ್ತ್ವ ಒಂದೇ: ಕಣವನ್ನು ಮೊದಲು ಎತ್ತಬೇಕು, ಆಮೇಲೆ ಮುಟ್ಟಬೇಕು.

ಕಾರನ್ನು ನೆರಳಿಗೆ ತಂದು ಲೋಹ ತಣ್ಣಗಾಗುವವರೆಗೆ ಬಿಡಬೇಕು. ಕೈ ತಾಗಿಸದೆ, ಮೇಲಿನಿಂದ ಕೆಳಕ್ಕೆ ತಂಬಿಗೆಯಿಂದ ನೀರು ಹರಿಸಿದರೆ ಸಡಿಲವಾಗಿ ಕುಳಿತ ಧೂಳಿನ ಬಹುಪಾಲು ನೀರಿನೊಡನೆ ಇಳಿದುಹೋಗುತ್ತದೆ. ಅನಂತರ ಎರಡು ಬಕೆಟ್ ಬೇಕು. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೆದುವಾದ ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಒತ್ತಡ ಹಾಕದೆ, ನೇರ ಗೆರೆಯಲ್ಲಿ ಎಳೆಯಬೇಕು, ವೃತ್ತಾಕಾರವಾಗಿ ಉಜ್ಜಬಾರದು. ಒಂದು ಭಾಗ ಮುಗಿದೊಡನೆ ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಕಣಗಳನ್ನು ಅಲ್ಲಿ ಬಿಟ್ಟು, ಮತ್ತೆ ಶಾಂಪೂ ನೀರಿಗೆ ಅದ್ದಬೇಕು. ಶಾಂಪೂವಿನ ನೊರೆ ಕಣಕ್ಕೂ ಪೊರೆಗೂ ನಡುವೆ ಜಾರುವ ಪದರವಾಗಿ ನಿಲ್ಲುತ್ತದೆ. ಬಟ್ಟೆ ತೊಳೆಯುವ ಸೋಪಿನ ಪುಡಿ ಕ್ಷಾರಯುಕ್ತವಾದ್ದರಿಂದ ಮೇಣದ ರಕ್ಷಣೆಯನ್ನು ಕಿತ್ತುಹಾಕುತ್ತದೆ. ಗಾಲಿ ಮತ್ತು ಬಾಗಿಲಿನ ಕೆಳಭಾಗವನ್ನು ಕೊನೆಗೆ, ಬೇರೆ ಬಟ್ಟೆಯಿಂದ ತೊಳೆಯಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಜಾಲಿಸದೆ ಮತ್ತೆ ಬಣ್ಣಕ್ಕೆ ತಾಗಿಸಬಾರದು. ಕೊಪ್ಪಳ ಸೀಮೆಯ ಕೊಳವೆಬಾವಿಯ ನೀರು ಗಡಸು. ಬಿಸಿಲಿನಲ್ಲಿ ತಾನಾಗಿ ಒಣಗಲು ಬಿಟ್ಟರೆ ಬಿಳಿಯ ಕಲೆ ಉಳಿಯುತ್ತದೆ. ಆದ್ದರಿಂದ ಒಣಗಿದ ಶುಭ್ರ ಬಟ್ಟೆಯನ್ನು ಮೇಲೆ ಹಾಸಿ ನೀರನ್ನು ಹೀರಿಸಿ ಎತ್ತಬೇಕು.

ಇಷ್ಟಕ್ಕೆ ಮೂವತ್ತು ನಲವತ್ತು ಲೀಟರ್ ನೀರು ಸಾಕು. ನಿಮಿಷಕ್ಕೆ ಹತ್ತು ಲೀಟರ್ ಬರುವ ಪೈಪನ್ನು ಕಾಲು ಗಂಟೆ ತೆರೆದಿಟ್ಟರೆ ನೂರೈವತ್ತು ಲೀಟರ್ ಹರಿದುಹೋಗುತ್ತದೆ. 2024ರ ಮಾರ್ಚ್ ತಿಂಗಳ ಬರದಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಬೇಕಾಯಿತು. ಮಹಾನಗರಕ್ಕೆ ಒಂದು ಬೇಸಿಗೆಯಲ್ಲಿ ಎದುರಾದ ಆ ಸ್ಥಿತಿ ಬಯಲಿನ ಮಂಗಳೂರಿನಂತಹ ಊರುಗಳಿಗೆ ವರ್ಷ ವರ್ಷವೂ ಎದುರಾಗುತ್ತದೆ. ಅಲ್ಲಿ ಕಾರಿಗೆ ಸುರಿಯುವ ಪ್ರತಿ ಕೊಡಕ್ಕೂ ಮನೆಯಲ್ಲಿ ಬೇರೊಂದು ಉಪಯೋಗ ಕಾದಿರುತ್ತದೆ.

ಇಲ್ಲಿಗೆ ಕಾರಿನ ಉಪಚಾರ ಮುಗಿಯಿತು. ಆದರೆ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ. 50 ಮೈಕ್ರಾನಿನ ಒಂದು ಪ್ಲಾಸ್ಟಿಕ್ ಪೊರೆಗಾಗಿ ಇಷ್ಟೊಂದು ಜ್ಞಾನ, ಇಷ್ಟೊಂದು ಸಾಮಗ್ರಿ ಸಿದ್ಧವಾಗಿದೆ. ಅದೇ ಧೂಳು ಅದೇ ರಾತ್ರಿ ಕಾರಿನ ಪಕ್ಕದ ಹೊಲದ ಮೇಲೂ ಬಿದ್ದಿದೆ, ಮನೆಯೊಳಗೆ ಮಲಗಿದ ಮಗುವಿನ ಉಸಿರಿನೊಳಗೂ ಹೋಗಿದೆ. ಅವುಗಳಿಗೆ ಯಾವ ಶಾಂಪೂ ಇದೆ?

ಎಲೆಯನ್ನು ಒರೆಸುವವರು ಯಾರು?

ಎಲೆಯ ಮೈಯಲ್ಲಿ ಪತ್ರರಂಧ್ರಗಳಿರುತ್ತವೆ. ಗಿಡ ಉಸಿರಾಡುವುದೂ ನೀರನ್ನು ಆವಿಯಾಗಿ ಬಿಡುವುದೂ ಅವುಗಳ ಮೂಲಕ. ಧೂಳಿನ ಕಣಗಳು ಆ ರಂಧ್ರಗಳ ಬಾಯಲ್ಲಿ ಕೂರುತ್ತವೆ. ಮೇಲೆ ಕುಳಿತ ಧೂಳಿನ ಪದರ ಬೆಳಕನ್ನು ತಡೆದು ಆಹಾರ ತಯಾರಿಕೆಯನ್ನು ಕುಗ್ಗಿಸುತ್ತದೆ, ಎಲೆಯ ಉಷ್ಣತೆಯನ್ನು ಏರಿಸುತ್ತದೆ. ಹೂವಿನ ಶಲಾಕಾಗ್ರದ ಮೇಲೆ ಧೂಳು ಮೊದಲು ಕುಳಿತರೆ ಪರಾಗಕ್ಕೆ ಜಾಗವಿಲ್ಲ. ಧೂಳು ಹೊದ್ದ ಎಲೆಗಳಲ್ಲಿ ಮೈಟ್ ನುಸಿಯ ಹಾವಳಿ ಹೆಚ್ಚುತ್ತದೆ. ನುಸಿಯನ್ನು ತಿಂದು ಬದುಕುವ ಮಿತ್ರಕೀಟಗಳು ಧೂಳಿನಲ್ಲಿ ಸರಿಯಾಗಿ ಬೇಟೆಯಾಡಲಾರವು. ಆಗ ರೈತ ಔಷಧದ ಅಂಗಡಿಗೆ ಹೋಗುತ್ತಾನೆ. ಅವನು ಕೊಡುವ ಹಣ ಲೆಕ್ಕದಲ್ಲಿ ನುಸಿಯ ಖರ್ಚು. ನಿಜದಲ್ಲಿ ಅದು ಧೂಳಿನ ಖರ್ಚು.

ಹತ್ತಿಯ ಕಾಯಿ ಒಡೆದು ಅರಳೆ ಹೊರಬಂದಾಗ ಕಪ್ಪು ಧೂಳು ಬಿದ್ದರೆ ಅದನ್ನು ತೊಳೆಯಲಾಗದು. ಬಣ್ಣ ಕೆಟ್ಟ ಅರಳೆಗೆ ಮಾರುಕಟ್ಟೆಯಲ್ಲಿ ಕೆಳದರ್ಜೆಯ ಬೆಲೆ. ದಾಳಿಂಬೆಯ ತೋಟವನ್ನು ಎರಡು ಬಕೆಟ್ಟಿನ ಕ್ರಮದಲ್ಲಿ ತೊಳೆಯಬಲ್ಲವರು ಯಾರೂ ಇಲ್ಲ. ಮೇವಿನ ಮೇಲಿನ ಧೂಳು ದನದ ಹೊಟ್ಟೆಗೆ ಹೋಗುತ್ತದೆ.

ಮನುಷ್ಯರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾನೆಟ್ಟಿನ ಮೇಲೆ ಕಣ್ಣಿಗೆ ಕಾಣುವ ಒರಟು ಧೂಳು ಅತ್ಯಂತ ಅಪಾಯಕಾರಿಯಾದುದಲ್ಲ. ಅದು ಭಾರವಾದ್ದರಿಂದಲೇ ಕೆಳಗೆ ಕುಳಿತಿದೆ. 10 ಮೈಕ್ರಾನಿಗಿಂತ ಸಣ್ಣ ಕಣಗಳು ಗಾಳಿಯಲ್ಲೇ ತೇಲುತ್ತ ಶ್ವಾಸನಾಳಕ್ಕೆ ಇಳಿಯುತ್ತವೆ. 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಆಳವನ್ನು ಮುಟ್ಟುತ್ತವೆ. ಕಾರಿನ ಮೇಲೆ ಕಾಣುವ ಧೂಳು, ಕಾಣದ ಧೂಳಿನ ಗುರುತು ಮಾತ್ರ. ಗ್ರಾನೈಟ್ ಕಲ್ಲಿನಲ್ಲಿ ಕ್ವಾರ್ಟ್ಜ್ ಇದೆ. ಕುಷ್ಟಗಿ, ಇಳಕಲ್ ಸೀಮೆಯ ಕ್ವಾರಿಗಳಲ್ಲಿ ಕಲ್ಲು ಕೊರೆಯುವವರು ಉಸಿರಾಡುವುದು ಅದರ ಹುಡಿಯನ್ನೇ. ವರ್ಷಗಟ್ಟಲೆ ಅದನ್ನು ಸೇವಿಸಿದವರಿಗೆ ಬರುವ ಸಿಲಿಕೋಸಿಸ್ ರೋಗಕ್ಕೆ ಗುಣಪಡಿಸುವ ಚಿಕಿತ್ಸೆಯಿಲ್ಲ. ಗೀರು ಬಿದ್ದ ಬಣ್ಣಕ್ಕೆ ಪಾಲಿಶ್ ಹಾಕಬಹುದು. ಗೀರು ಬಿದ್ದ ಶ್ವಾಸಕೋಶಕ್ಕೆ ಪಾಲಿಶ್ ಇಲ್ಲ.

ಎರಡು ಬಗೆಯ ಧೂಳು, ಎರಡು ಬಗೆಯ ಹೊಣೆ

ಕೊಪ್ಪಳ ಜಿಲ್ಲೆಯ ಎಲ್ಲ ಧೂಳೂ ಒಂದೇ ಅಲ್ಲ. ಕುಕನೂರು, ಯಲಬುರ್ಗಾದ ಕಡೆ ಕಾರಿನ ಮೇಲೆ ಕೂರುವುದು ಹೆಚ್ಚಾಗಿ ಎರೆ ಮತ್ತು ಮಸಾರಿ ನೆಲದ ಮಣ್ಣು. ಅದು ಕಸವಲ್ಲ. ಗಾಳಿ ಮೊದಲು ಎತ್ತಿಕೊಂಡು ಹೋಗುವುದು ಹೊಲದ ಅತಿ ನಯವಾದ, ಸಾರವತ್ತಾದ ಮೇಲ್ಮಣ್ಣನ್ನು. ಒಂದು ಸೆಂಟಿಮೀಟರ್ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷ ಬೇಕು. ಬಟ್ಟೆಯಿಂದ ಕೊಡವುವ ಆ ಪುಡಿಯಲ್ಲಿ ಹೊಲದ ಗೊಬ್ಬರದ ಅಂಶವಿದೆ. ಇದರ ಪರಿಹಾರ ರೈತರ ಮತ್ತು ಗ್ರಾಮ ಪಂಚಾಯಿತಿಗಳ ಕೈಯಲ್ಲೇ ಇದೆ: ಬದುಗಳ ಮೇಲೆ ಮರ, ಕೊಯ್ಲಿನ ನಂತರ ಕೂಳೆಯನ್ನು ಸುಡದೆ ನೆಲದ ಮೇಲೆ ಉಳಿಸುವುದು, ಗಾಳಿಯ ದಿಕ್ಕಿಗೆ ಅಡ್ಡಲಾದ ಉಳುಮೆ, ಊರ ರಸ್ತೆಯ ಇಕ್ಕೆಲಗಳಲ್ಲಿ ಹಸಿರು.

ಕೊಪ್ಪಳ ನಗರದಾಚೆಗಿನ ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಸುತ್ತ ಬೀಳುವ ಧೂಳು ಬೇರೆ. ಅದು ಕಪ್ಪು. ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಅದಿರು ಮತ್ತು ಕಲ್ಲಿದ್ದಲನ್ನು ತಿರುಗುವ ಕುಲುಮೆಯಲ್ಲಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಹೊರಬರುವ ಅನಿಲದಲ್ಲಿ ಬೂದಿ, ಇದ್ದಲಿನ ಪುಡಿ, ಕಬ್ಬಿಣದ ಕಣ ಎಲ್ಲವೂ ಇರುತ್ತವೆ. ಅವನ್ನು ಹಿಡಿಯುವ ಯಂತ್ರ ಉಂಟು. ಇಎಸ್‌ಪಿ ಎಂದು ಅದರ ಹೆಸರು. ವಿದ್ಯುದಾವೇಶದಿಂದ ಕಣಗಳನ್ನು ತಗಡುಗಳಿಗೆ ಅಂಟಿಸುವ ಈ ಯಂತ್ರ ಚೆನ್ನಾಗಿ ನಡೆದರೆ ಧೂಳಿನ ಬಹುಪಾಲು ಒಳಗೇ ಉಳಿಯುತ್ತದೆ. ಆದರೆ ಅದು ವಿದ್ಯುತ್ತನ್ನು ತಿನ್ನುತ್ತದೆ, ನಿರ್ವಹಣೆಯನ್ನು ಬೇಡುತ್ತದೆ. ಅದನ್ನು ಆರಿಸಿದಷ್ಟು ಹೊತ್ತು ಕಾರ್ಖಾನೆಗೆ ಉಳಿತಾಯ, ಊರಿಗೆ ಕಪ್ಪು. ಕತ್ತಲಲ್ಲಿ ಹೊಗೆಯ ಬಣ್ಣ ಕಾಣದು. ಆದ್ದರಿಂದ ರಾತ್ರಿಯ ತಪಾಸಣೆಯಿಲ್ಲದ ನಿಯಂತ್ರಣ ಅರ್ಧ ನಿಯಂತ್ರಣ.

ಈ ಧೂಳಿನಲ್ಲಿರುವ ಲೋಹದ ಕಬ್ಬಿಣ ಕಾರಿನ ಮೇಲೆ ಕುಳಿತು ಇಬ್ಬನಿ ತಾಗಿದರೆ ತುಕ್ಕು ಹಿಡಿದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಆ ಕಿತ್ತಳೆ ಚುಕ್ಕೆಗಳು ಬಟ್ಟೆಗೂ ಶಾಂಪೂವಿಗೂ ಬಗ್ಗುವುದಿಲ್ಲ. ಕ್ಲೇ ಬಾರ್ ಎಂಬ ಜೇಡಿಯಂತಹ ಉಂಡೆಯನ್ನು ನೊರೆ ನೀರಿನೊಡನೆ ಜಾರಿಸಿ ಒಂದೊಂದಾಗಿ ಕೀಳಬೇಕಾಗುತ್ತದೆ. ಅಂದರೆ ಇಲ್ಲಿ ‘ಒರೆಸಿದರೆ ಹೋಗುತ್ತದೆ’ ಎಂಬ ಮಾತು ಕಾರಿನ ಮಟ್ಟಿಗೂ ಸುಳ್ಳು.

ಘಟ್ಟದ ಓದುಗರಿಗೆ ಈ ಧೂಳು ದೂರದ್ದೆನಿಸಬಾರದು. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುತ್ತಿದ್ದ ಹಳೆಯ 63ನೆಯ ರಾಷ್ಟ್ರೀಯ ಹೆದ್ದಾರಿಯಲ್ಲೇ ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಓಡಿದವು. ಅರಬೈಲ್ ಘಟ್ಟದ ಮರಗಳು ಮಳೆಗಾಲದವರೆಗೆ ಕೆಂಪು ಹೊದ್ದು ನಿಂತುದನ್ನು ಆ ಭಾಗದ ಜನ ಮರೆತಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಅದಿರಿನ ಲಾರಿಗಳ ಆ ಸಾಲು ನಿಂತ ಮೇಲೆ ರಸ್ತೆಯ ಕೆಂಪು ಇಳಿಯಿತು. ಎಷ್ಟು ಒರೆಸಿದರೂ ಹೋಗದಿದ್ದ ಧೂಳು, ಮೂಲದಲ್ಲಿ ತಡೆದಾಗ ಹೋಯಿತು. ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ. ನದಿಯ ಸಂಬಂಧವೂ ಇದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಸೇರಿ ಮುನಿರಾಬಾದಿನ ಜಲಾಶಯ ತುಂಬುತ್ತಾರೆ. ಸುಮಾರು 133 ಟಿಎಂಸಿ ಅಡಿ ಸಾಮರ್ಥ್ಯದಿಂದ ಆರಂಭವಾದ ಆ ಜಲಾಶಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ನೆಲ ಬಿಟ್ಟ ಮಣ್ಣು ಗಾಳಿಯಲ್ಲಿ ಧೂಳು, ನೀರಿನಲ್ಲಿ ಹೂಳು.

ಮೂರು ಸಮಾಧಾನಗಳು

ಧೂಳಿನ ಮಾತೆತ್ತಿದಾಗ ಮೂರು ಸಮಾಧಾನಗಳು ಕೇಳಿಬರುತ್ತವೆ.

ಮೊದಲನೆಯದು, ‘ಬಯಲುಸೀಮೆಯಲ್ಲಿ ಧೂಳು ಸಹಜ’. ಮಣ್ಣಿನ ಧೂಳು ಒಂದು ಮಟ್ಟಿಗೆ ಸಹಜ ನಿಜ. ಆದರೆ ಇದ್ದಲಿನ ಪುಡಿ ಯಾವ ಸೀಮೆಯಲ್ಲೂ ಮಣ್ಣಿನಿಂದ ಏಳುವುದಿಲ್ಲ. ಸಹಜವಾದುದರ ಬೆನ್ನ ಹಿಂದೆ ಅಸಹಜವನ್ನು ಬಚ್ಚಿಡುವ ಮಾತು ಇದು.

ಎರಡನೆಯದು, ‘ಕಾರ್ಖಾನೆ ಕೆಲಸ ಕೊಡುತ್ತದೆ’. ಕೆಲಸ ಬೇಕು ಎಂಬುದರಲ್ಲಿ ವಾದವಿಲ್ಲ. ಆದರೆ ಧೂಳು ಹಿಡಿಯುವ ಯಂತ್ರವನ್ನು ಸದಾ ನಡೆಸುವುದರಿಂದ ಕಾರ್ಮಿಕನ ಕೆಲಸ ಹೋಗುವುದಿಲ್ಲ. ಅದನ್ನು ನೋಡಿಕೊಳ್ಳಲು ಇನ್ನೂ ಇಬ್ಬರಿಗೆ ಕೆಲಸ ಸಿಗುತ್ತದೆ. ಆರಿಸುವುದರಿಂದ ಉಳಿಯುವ ಹಣ ಕೂಲಿಯವನ ಕೈ ಸೇರುವುದೂ ಇಲ್ಲ.

ಮೂರನೆಯದು, ‘ಸರ್ಕಾರದ ಮಿತಿಯೊಳಗೇ ಇದೆ’. ದೇಶದ ವಾಯು ಗುಣಮಟ್ಟದ ಮಾನಕಗಳು 2009ರವು. 10 ಮೈಕ್ರಾನಿನೊಳಗಿನ ಕಣಗಳಿಗೆ ಘನಮೀಟರಿಗೆ ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ ಮಿತಿಯನ್ನು ಅವು ಹಾಕಿವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಪ್ರಮಾಣ 15. ಭಾರತದ ಮಿತಿ ಅದರ ನಾಲ್ಕು ಪಟ್ಟು. ಅಷ್ಟು ಸಡಿಲವಾದ ಮಿತಿಯೊಳಗೆ ಇರುವುದು ಹೆಮ್ಮೆಯ ವಿಷಯವಲ್ಲ. ಅಳೆಯುವ ಯಂತ್ರ ಊರಿನಲ್ಲಿಲ್ಲದಿದ್ದರೆ ‘ಒಳಗೇ ಇದೆ’ ಎಂಬ ಮಾತಿಗೆ ಆಧಾರವೂ ಇಲ್ಲ.

ಕೊಪ್ಪಳದ ಜನ ಈ ಸಮಾಧಾನಗಳನ್ನು ಒಪ್ಪದೆ ಹೊರಬಂದಿದ್ದಾರೆ. ನಗರಕ್ಕೆ ಹೊಂದಿಕೊಂಡಂತೆ ಬಲ್ದೋಟ ಸಮೂಹದ ಉಕ್ಕಿನ ಕಾರ್ಖಾನೆ ವಿಸ್ತರಣೆಯಾಗುವುದನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ನಡೆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಜನರೊಡನೆ ಬೀದಿಗೆ ಇಳಿದರು. ಅಂದು ಬೀದಿಯಲ್ಲಿ ನಿಂತವರು ಧೂಳನ್ನು ಒರೆಸುವ ಬಟ್ಟೆಯನ್ನು ಕೇಳಲಿಲ್ಲ. ಧೂಳು ಬೇಡ ಎಂದರು.

ಒರೆಸುವ ಮೊದಲು ಒಂದು ಕೆಲಸ

ಹಾಗಾದರೆ ಕಾರನ್ನು ತೊಳೆಯಬಾರದೇ? ತೊಳೆಯಬೇಕು. ಆದರೆ ಅದಕ್ಕೆ ಮೊದಲು ಸಾಕ್ಷಿಯನ್ನು ತೆಗೆದಿಡಬೇಕು. ರಾತ್ರಿ ಹೊರಗೆ ನಿಂತ ಕಾರಿನ ಬಾನೆಟ್ ಎಂದರೆ ಸಮತಟ್ಟಾದ, ನಯವಾದ, ಧೂಳು ಹಿಡಿಯುವ ತಟ್ಟೆ. ಪ್ರಯೋಗಾಲಯವಿಲ್ಲದ ಊರಿಗೆ ಅದೇ ಉಪಕರಣ.

ಬೆಳಿಗ್ಗೆ ಕಾರಿನ ಮೇಲೆ ಪಾರದರ್ಶಕ ಅಂಟುಪಟ್ಟಿಯ ತುಂಡೊಂದನ್ನು ಮೆಲ್ಲನೆ ಒತ್ತಿ ಎತ್ತಿದರೆ ಧೂಳು ಅದಕ್ಕೆ ಅಂಟಿಬರುತ್ತದೆ. ಉಜ್ಜದೆ ಎತ್ತುವುದರಿಂದ ಬಣ್ಣಕ್ಕೆ ಗೀರು ಬೀಳದು. ಅದನ್ನು ಬಿಳಿಯ ಕಾಗದಕ್ಕೆ ಅಂಟಿಸಿ ದಿನಾಂಕ, ಸ್ಥಳ, ಗಾಳಿ ಬೀಸಿದ ದಿಕ್ಕು, ಕಾರು ನಿಂತ ಅವಧಿಯನ್ನು ಬರೆಯಬೇಕು. ಇನ್ನಷ್ಟು ಧೂಳನ್ನು ಕಾಗದದ ಮೇಲೆ ಸಂಗ್ರಹಿಸಿ, ಕೆಳಗಿನಿಂದ ಅಯಸ್ಕಾಂತವನ್ನು ಆಡಿಸಿದರೆ ಕಬ್ಬಿಣದ ಕಣಗಳು ಅದರೊಡನೆ ಚಲಿಸುತ್ತವೆ. ಸಹಜ ಮಣ್ಣಿನಲ್ಲೂ ಅಯಸ್ಕಾಂತ ಹಿಡಿಯುವ ಖನಿಜ ಸ್ವಲ್ಪ ಇರುವುದರಿಂದ ಒಂದೇ ಊರಿನ ಮಾದರಿಯಿಂದ ತೀರ್ಮಾನಕ್ಕೆ ಬರಬಾರದು. ಕಾರ್ಖಾನೆಗಳಿಂದ ದೂರದ ಊರಿನಲ್ಲಿ, ಉದಾಹರಣೆಗೆ ಬಯಲಿನ ಮಂಗಳೂರಿನಲ್ಲಿ, ಅದೇ ದಿನ ಅದೇ ರೀತಿ ತೆಗೆದ ಮಾದರಿಯೊಡನೆ ಹೋಲಿಸಬೇಕು. ಮೂರು ತಿಂಗಳ ಇಂತಹ ಪುಸ್ತಕ ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ವಿಜ್ಞಾನ. ಅದು ಅಧಿಕೃತ ಅಳತೆಗೆ ಬದಲಿಯಲ್ಲ. ಅಧಿಕೃತ ಅಳತೆಯನ್ನು ಕೇಳುವ ಹಕ್ಕಿಗೆ ಬಲ.

ಕೇಳುವ ದಾರಿಗಳೂ ಇವೆ. ಚಿಮಣಿಗಳ ಮಾಪನದ ದಾಖಲೆ ಮತ್ತು ತಪಾಸಣೆಯ ದಿನಾಂಕಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಕಾರ್ಖಾನೆಗಳ ಪರವಾನಗಿಗೆ ಮುನ್ನ ಸಾರ್ವಜನಿಕ ಅಹವಾಲು ನಡೆಯಬೇಕು. ಅಲ್ಲಿ ಅಂಟುಪಟ್ಟಿಯ ಪುಸ್ತಕವನ್ನು ಮೇಜಿನ ಮೇಲಿಟ್ಟು ಮಾತನಾಡುವ ಹಳ್ಳಿಗನನ್ನು ‘ಭಾವುಕ’ ಎಂದು ತಳ್ಳಿಹಾಕುವುದು ಸುಲಭವಲ್ಲ. ರಾತ್ರಿಯೂ ತಪಾಸಣೆ, ಊರೊಳಗೆ ಅಳತೆಯ ಕೇಂದ್ರ, ಅದಿರು ಮತ್ತು ಬೂದಿಯ ಲಾರಿಗಳಿಗೆ ಬಿಗಿಯಾದ ತಾಡಪಾಲು, ಯಂತ್ರ ನಿಂತರೆ ಕುಲುಮೆಯೂ ನಿಲ್ಲಬೇಕೆಂಬ ನಿಯಮ: ಈ ನಾಲ್ಕು ಬೇಡಿಕೆಗಳಲ್ಲಿ ಅಸಾಧ್ಯವಾದುದು ಒಂದೂ ಇಲ್ಲ.

ಕಾರಿನ ಬಣ್ಣಕ್ಕೆ ಗೀರು ಬೀಳದಂತೆ ನೋಡಿಕೊಳ್ಳುವುದು ತಪ್ಪಲ್ಲ. ಸಾಲ ಮಾಡಿ ಕೊಂಡ ವಸ್ತುವನ್ನು ಜೋಪಾನ ಮಾಡುವುದು ವಿವೇಕ. ಅದೇ ವಿವೇಕ ಸಾಲಕ್ಕೂ ಸಿಗದ ವಸ್ತುಗಳಾದ ಮೇಲ್ಮಣ್ಣು, ಎಲೆ, ಉಸಿರುಗಳ ಕಡೆಗೂ ಹರಿಯಬೇಕು. ಧೂಳು ಬಿದ್ದ ಮೇಲೆ ಮೆಲ್ಲನೆ ತೊಳೆಯುವುದು ಮಾಲೀಕನ ಕೆಲಸ. ಬೀಳದಂತೆ ತಡೆಯುವುದು ಎಬ್ಬಿಸಿದವನ ಕೆಲಸ. ಎರಡನೆಯದನ್ನು ಕೇಳದೆ ಮೊದಲನೆಯದನ್ನಷ್ಟೇ ಕಲಿತ ಊರಿನಲ್ಲಿ ಕಾರುಗಳು ಮಾತ್ರ ಹೊಳೆಯುತ್ತವೆ.